ಅಮೆರಿಕದ ರಾಜ್ಯಗಳ ಕ್ಯಾಪಿಟಲ್‌ಗಳಿಗೆ ಕಾರಿನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಯುಗಾದಿ ಊಟಕ್ಕೆ ಸೇರಿದಾಗ ಕೇಳುವುದು ಇವೇ ಪ್ರಶ್ನೆ. ಊರಿಂದ ಫೋನ್ ಬಂದಾಗಲೂ ಇವೇ. ಒಂಬತ್ತು ವರ್ಷದಲ್ಲಿ ನಾನು, ಹೆಂಡತಿ, ಮಗಳು ಸೇರಿ 43 ರಾಜ್ಯಗಳ ಕ್ಯಾಪಿಟಲ್ ನೋಡಿದ್ದೇವೆ. ಏಳು ಬಾಕಿ ಇವೆ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಕೇಳಿದವರ ಮಾತನ್ನು ಹಾಗೇ ಬಿಟ್ಟಿದ್ದೇನೆ.

## ಮೊದಲ ಮಾತು

ಕ್ಯಾಪಿಟಲ್ ಅಂದ್ರೆ ವಾಷಿಂಗ್ಟನ್‌ನಲ್ಲಿರೋ ಬಿಳಿ ಗುಮ್ಮಟ ತಾನೆ? ಐವತ್ತು ಎಲ್ಲಿಂದ ಬಂತು?

ಅದು ದೇಶದ್ದು, ದೆಹಲಿಯ ಸಂಸತ್ ಭವನ ಇದ್ದ ಹಾಗೆ. ನಾನು ಹೇಳುತ್ತಿರುವುದು ರಾಜ್ಯಗಳದ್ದು, ನಮ್ಮ ವಿಧಾನಸೌಧದ ಥರದವು. 50 ರಾಜ್ಯ, 50 ಕಟ್ಟಡ. ಇಂಗ್ಲಿಷಿನಲ್ಲಿ ಊರಿಗೂ ಕಟ್ಟಡಕ್ಕೂ ಒಂದಕ್ಷರದ ವ್ಯತ್ಯಾಸ ಇದೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಆಗಿಬಿಡುತ್ತವೆ. ಅದಕ್ಕೇ ಊರಿಗೆ ರಾಜಧಾನಿ ಅಂತಲೂ ಕಟ್ಟಡಕ್ಕೆ ಕ್ಯಾಪಿಟಲ್ ಅಂತಲೂ ಬರೆಯುತ್ತೇನೆ. ಅಲ್ಲಿನವರೂ ಎಲ್ಲ ಕಡೆ ಒಂದೇ ಹೆಸರಲ್ಲಿ ಕರೆಯುವುದಿಲ್ಲ. ಬಾಸ್ಟನ್‌ನಲ್ಲಿ ಸ್ಟೇಟ್ ಹೌಸ್, ಡೆಲವೇರ್‌ನಲ್ಲಿ ಲೆಜಿಸ್ಲೇಟಿವ್ ಹಾಲ್, ನ್ಯೂ ಮೆಕ್ಸಿಕೊದ ಸಾಂಟಾ ಫೇಯಲ್ಲಿ ರೌಂಡ್‌ಹೌಸ್. ದಾರಿ ಕೇಳುವಾಗ ಬೇಕಾಗುತ್ತದೆ.

ಎಲ್ಲ ಒಂದೇ ಥರ ಇರುತ್ತಲ್ಲ, ನಾಲ್ಕು ನೋಡಿದ್ರೆ ಸಾಕಲ್ವಾ?

ದೂರದಿಂದ ನೋಡಿದರೆ ಒಂದೇ ಥರ ಕಾಣುವುದು ನಿಜ. ಅದಕ್ಕೆ ಕಾರಣವೂ ಇದೆ. ವಾಷಿಂಗ್ಟನ್ನಿನ ಈಗಿನ ದೊಡ್ಡ ಗುಮ್ಮಟ ಎದ್ದದ್ದು 1860ರ ದಶಕದಲ್ಲಿ, ಅಂತರ್ಯುದ್ಧದ ನಡುವೆ. ಯುದ್ಧ ಮುಗಿದ ಮೇಲೆ ರಾಜ್ಯ ರಾಜ್ಯವೂ ತನಗೂ ಒಂದು ಬೇಕು ಅಂತ ಹೊರಟಿತು. ಎಲೈಜಾ ಮೈಯರ್ಸ್ ಅನ್ನುವ ಒಬ್ಬನೇ ಆರ್ಕಿಟೆಕ್ಟ್ ಮಿಶಿಗನ್, ಟೆಕ್ಸಸ್, ಕೊಲರಾಡೊ ಮೂರರ ನಕ್ಷೆಯನ್ನೂ ಹಾಕಿದ.

ಹತ್ತಿರ ಹೋದರೆ ಮಾತು ಬೇರೆ. ಕಲ್ಲು ಆಯಾ ಊರಿನದು, ಜಗಳವೂ ಆಯಾ ಊರಿನದು. ಟೆಕ್ಸಸ್ ಹತ್ತಿರ ದುಡ್ಡಿರಲಿಲ್ಲ, ಭೂಮಿ ಬೇಕಾದಷ್ಟಿತ್ತು. ಕಟ್ಟಿದವರಿಗೆ ಕೂಲಿಯಾಗಿ 30 ಲಕ್ಷ ಎಕರೆ ಬರೆದುಕೊಟ್ಟಿತು. ಹಾಗೆ 1888ರಲ್ಲಿ ಆಸ್ಟಿನ್‌ನ ಕೆಂಪು ಗ್ರಾನೈಟ್ ಕಟ್ಟಡ ಮುಗಿಯಿತು. ಎತ್ತರದಲ್ಲಿ ಅದು ವಾಷಿಂಗ್ಟನ್ನಿನದನ್ನೂ ಮೀರಿಸಿದೆ. ಟೆಕ್ಸಸ್‌ನವರು ಇದನ್ನು ನೀವು ಕೇಳದಿದ್ದರೂ ಹೇಳುತ್ತಾರೆ. ಒಕ್ಲಹೋಮದಲ್ಲಿ ಕ್ಯಾಪಿಟಲ್ ಅಂಗಳದಲ್ಲೇ ಎಣ್ಣೆ ಬಾವಿ ಕೊರೆದರು. ಹೂವಿನ ಪಾತಿಯ ನಡುವೆ ಕೊರೆದ ಒಂದಕ್ಕೆ ಪೆಟೂನಿಯಾ ಅಂತಲೇ ಹೆಸರು. ಆ ಕಟ್ಟಡ 1917ರಲ್ಲಿ ಗುಮ್ಮಟ ಇಲ್ಲದೆ ಮುಗಿದಿತ್ತು. ಗುಮ್ಮಟ ಬಂದದ್ದು 2002ರಲ್ಲಿ!

ನ್ಯೂಯಾರ್ಕ್ ರಾಜ್ಯಕ್ಕೆ ನ್ಯೂಯಾರ್ಕ್ ರಾಜಧಾನಿ ಅಲ್ವಾ? ಯಾಕೆ ಹೆಸರೇ ಕೇಳದ ಊರುಗಳಲ್ಲಿ ಇಟ್ಟಿದಾರೆ?

ಅಲ್ಲ, ಆಲ್ಬನಿ. ಕ್ಯಾಲಿಫೋರ್ನಿಯಾಗೆ ಸ್ಯಾಕ್ರಮೆಂಟೊ, ಇಲಿನಾಯ್‌ಗೆ ಸ್ಪ್ರಿಂಗ್‌ಫೀಲ್ಡ್. ಕುದುರೆ ಮೇಲೆ ಓಡಾಡುವ ಕಾಲದಲ್ಲಿ ರಾಜಧಾನಿ ರಾಜ್ಯದ ನಡುವೆ ಇದ್ದರೆ ಎಲ್ಲರಿಗೂ ಅನುಕೂಲ. ಬಂದರು ಪಟ್ಟಣದ ಸಾಹುಕಾರರ ಕೈಗೆ ಸರ್ಕಾರ ಸಿಗಬಾರದು ಅನ್ನುವ ಅನುಮಾನವೂ ಹಳ್ಳಿಯವರಿಗಿತ್ತು. ಪೆನ್ಸಿಲ್ವೇನಿಯಾ ಫಿಲಡೆಲ್ಫಿಯಾ ಬಿಟ್ಟು ಲ್ಯಾಂಕಾಸ್ಟರ್‌ಗೆ ಹೋಯಿತು, 1812ರಲ್ಲಿ ಹ್ಯಾರಿಸ್‌ಬರ್ಗ್‌ಗೆ ಬಂತು. ಬೆಂಗಳೂರಿಗೂ ಬೆಳಗಾವಿಗೂ ನಡೆಯುವ ಮಾತುಕತೆ ಕೇಳಿದ ನಮಗೆ ಇದು ಹೊಸದೇನಲ್ಲ.

ನನಗೆ ಈ ಪ್ರಯಾಣದಲ್ಲಿ ದಕ್ಕಿದ್ದೇ ಈ ಸಣ್ಣ ಊರುಗಳು. ಸೌತ್ ಡಕೋಟಾದ ಪಿಯರ್‌ಗೆ ಇಂಟರ್‌ಸ್ಟೇಟ್ ಹೆದ್ದಾರಿಯೇ ಇಲ್ಲ. ಹೆಸರನ್ನೂ ಅಲ್ಲಿನವರು 'ಪಿಯರ್' ಅಂತ ಮೊಟಕಾಗಿ ಹೇಳುತ್ತಾರೆ, ಫ್ರೆಂಚ್ ಥರ ಎಳೆದರೆ ನಗುತ್ತಾರೆ. ವರ್ಮಾಂಟ್‌ನ ಮಾಂಟ್‌ಪೀಲಿಯರ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಕೂಡ ಇಲ್ಲ. ಕ್ಯಾಪಿಟಲ್ ಅನ್ನುವ ನೆಪ ಇಲ್ಲದಿದ್ದರೆ ಈ ಊರುಗಳಿಗೆ ನಾನು ಈ ಜನ್ಮದಲ್ಲಿ ಹೋಗುತ್ತಿರಲಿಲ್ಲ.

ಒಳಗೆ ಸುಮ್ನೆ ಬಿಡ್ತಾರಾ? ನಾವು ವೀಸಾದಲ್ಲಿರೋರು, ಏನಾದ್ರೂ ಕೇಳಿದ್ರೆ?

ಬಿಡುತ್ತಾರೆ. ಟಿಕೆಟ್ ಇಲ್ಲ, ಪಾಸ್ ಇಲ್ಲ, ಶಿಫಾರಸು ಇಲ್ಲ. ನಾನು ಬೆಂಗಳೂರಲ್ಲೇ ಬೆಳೆದವನು. ಭಾನುವಾರ ಸಂಜೆ ವಿಧಾನಸೌಧಕ್ಕೆ ದೀಪ ಹಾಕಿದಾಗ ಅಪ್ಪನ ಸ್ಕೂಟರ್ ಮುಂದೆ ನಿಂತು ನೋಡಿದ್ದೇ ನೋಡಿದ್ದು. ಗೇಟಿನಿಂದ ಒಳಗೆ ಕಾಲಿಟ್ಟಿರಲಿಲ್ಲ. ಹಾಗಾಗಿ ಮೊದಲ ಸಲ ಅಯೋವಾದ ಡೆಸ್ ಮೊಯ್ನ್‌ನಲ್ಲಿ ಬಾಗಿಲು ತಳ್ಳಿಕೊಂಡು ಒಳಗೆ ಹೋಗುವಾಗ, ಯಾರಾದರೂ ಹಿಂದಿನಿಂದ ಕೂಗುತ್ತಾರೆ ಅಂತಲೇ ಕಾಯುತ್ತಿದ್ದೆ. ಯಾರೂ ಕೂಗಲಿಲ್ಲ.

ಹೆಚ್ಚಿನ ಕಡೆ ವಿಮಾನ ನಿಲ್ದಾಣದ ಥರ ಸ್ಕ್ಯಾನರ್ ಇದೆ. ಶೂ ಬಿಚ್ಚಿಸುವುದಿಲ್ಲ. ಕೆಲವು ಕಡೆ ಫೋಟೊ ಐಡಿ ಕೇಳುತ್ತಾರೆ, ಡ್ರೈವಿಂಗ್ ಲೈಸೆನ್ಸ್ ಸಾಕಾಯಿತು. ವೀಸಾ ಬಗ್ಗೆ ನನ್ನನ್ನು ಒಂದು ಸಲವೂ ಕೇಳಿಲ್ಲ. ಆದರೂ ರಾಜ್ಯ ದಾಟಿ ಹೋಗುವಾಗ ಕಾಗದಪತ್ರ ಜೊತೆಗಿರಲಿ. ಒಂದು ಕಡೆ ಮಾತ್ರ ನಮ್ಮನ್ನು ತಡೆದರು, ಅದು ಊಟದ ಚೀಲದಲ್ಲಿದ್ದ ಸೌತೆಕಾಯಿ ಹೆಚ್ಚುವ ಚಾಕುವಿಗೆ. ನನ್ನದೇ ತಪ್ಪು. ಮೂರು ಬ್ಲಾಕ್ ನಡೆದು ಕಾರಿನಲ್ಲಿ ಇಟ್ಟುಬಂದೆ. ಸೌತೆಕಾಯಿಯನ್ನು ಬಿಟ್ಟರು.

ಯಾವ ದಿನ ಹೋಗೋದು ಒಳ್ಳೇದು?

ವಾರದ ದಿನ, ಬೆಳಗ್ಗೆ. ಶನಿವಾರ ಭಾನುವಾರ ಕೆಲವು ತೆರೆದಿರುತ್ತವೆ, ಕೆಲವು ಇಲ್ಲ. ಒಂದು ಶನಿವಾರ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಹೋದರೆ ಬಾಗಿಲಿಗೆ ಬೀಗ. ಮಗಳು ಗಾಜಿಗೆ ಮೂಗು ಒತ್ತಿ ಒಳಗಿನ ಕತ್ತಲು ನೋಡಿದಳು. ಅಷ್ಟೇ ಆ ದಿನದ ಕ್ಯಾಪಿಟಲ್. ಸರ್ಕಾರಿ ರಜೆಗಳೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೊರಡುವ ಮುಂಚೆ ಒಂದು ಫೋನ್ ಮಾಡಿ.

## ಹೊರಡುವ ಮುಂಚೆ

ಒಂದೇ ಟ್ರಿಪ್‌ನಲ್ಲಿ 48ನ್ನೂ ಮುಗಿಸಬಹುದಾ?

48 ಅಂದರೆ ಅಲಾಸ್ಕ, ಹವಾಯಿ ಬಿಟ್ಟು ಉಳಿದವು. ಮುಗಿಸಬಹುದು, ಮುಗಿಸಿದವರಿದ್ದಾರೆ. ನನಗೆ ಮಾತ್ರ ಬೇಡ. ದಿನಕ್ಕೆ ಎರಡು ಗುಮ್ಮಟಕ್ಕಿಂತ ಜಾಸ್ತಿ ನೋಡಿದರೆ ಮೂರನೆಯದು ತಲೆಯಲ್ಲಿ ನಿಲ್ಲುವುದಿಲ್ಲ. ನಾವು ತುಂಡು ತುಂಡಾಗಿ ಮಾಡಿದ್ದು.

ಶುರು ಮಾಡಲು ಈಶಾನ್ಯ ಮೂಲೆಯ ಆರು ರಾಜ್ಯಗಳ ನ್ಯೂ ಇಂಗ್ಲೆಂಡ್ ಸುಲಭ. ಬಾಸ್ಟನ್‌ನಿಂದ ಪ್ರಾವಿಡೆನ್ಸ್ 50 ಮೈಲಿ, ಕಾಂಕರ್ಡ್ 70, ಹಾರ್ಟ್‌ಫೋರ್ಡ್ 100. ಅದೆಲ್ಲ ನಮ್ಮ ಬೆಂಗಳೂರು–ಮೈಸೂರಿನ ಲೆಕ್ಕ. ಮೂರು ದಿನದ ರಜೆಯಲ್ಲಿ ಮಾಂಟ್‌ಪೀಲಿಯರ್ ಸೇರಿಸಿ ಐದು ಮುಗಿಸಿದೆವು. ಆರನೆಯ ಅಗಸ್ಟಾ ಹಿಮ ಬಿದ್ದು ತಪ್ಪಿತು, ಇನ್ನೂ ತಪ್ಪುತ್ತಲೇ ಇದೆ. ಪಶ್ಚಿಮಕ್ಕೆ ಹೋದ ಹಾಗೆ ಲೆಕ್ಕ ಬದಲಾಗುತ್ತದೆ. ಡೆನ್ವರ್‌ನಿಂದ ಶಾಯೆನ್ 100 ಮೈಲಿ, ಅದೇ ಹತ್ತಿರದ್ದು. ಪಿಯರ್‌ನಿಂದ ಬಿಸ್ಮಾರ್ಕ್‌ಗೆ 200 ಮೈಲಿ ಮೇಲೆ. ದಾರಿಯುದ್ದಕ್ಕೂ ಹುಲ್ಲು, ಆಕಾಶ, ಸೂರ್ಯಕಾಂತಿ ಹೊಲ. ಪೆಟ್ರೋಲ್ ಬಂಕ್ ಕಂಡಾಗಲೆಲ್ಲ ಹಾಕಿಸಿಕೊಳ್ಳಿ.

ಅಲಾಸ್ಕಕ್ಕೆ ಕಾರಲ್ಲಿ ಹೋಗಬಹುದಂತಲ್ಲ, ಕೆನಡಾ ಮೇಲಿಂದ?

ಅಲಾಸ್ಕಕ್ಕೆ ಹೋಗಬಹುದು. ಅದರ ರಾಜಧಾನಿಗೆ ಹೋಗೋಕಾಗಲ್ಲ! ಜೂನೋ ಸುತ್ತ ಬೆಟ್ಟ, ಹಿಮನದಿ, ಸಮುದ್ರ. ಹೊರಗಿನಿಂದ ಊರಿಗೆ ರಸ್ತೆಯೇ ಇಲ್ಲ. ಹಡಗು ಇಲ್ಲವೇ ವಿಮಾನ. ಹವಾಯಿಯ ಹೊನಲುಲು ಹೇಗೂ ವಿಮಾನವೇ. ಅಲ್ಲಿನ ಕಟ್ಟಡದ ನಡುವೆ ಚಾವಣಿಯೇ ಇಲ್ಲವಂತೆ, ಮೇಲೆ ನೋಡಿದರೆ ಆಕಾಶ. ಶಾಸನಸಭೆಯ ಕೋಣೆಗಳು ಜ್ವಾಲಾಮುಖಿಯ ಆಕಾರ, ಕಂಬಗಳು ತಾಳೆ ಮರದ ಹಾಗೆ. ಈ ಎರಡೂ ನನ್ನ ಬಾಕಿ ಪಟ್ಟಿಯಲ್ಲಿವೆ.

ಮಕ್ಕಳಿಗೆ ಬೋರ್ ಆಗಲ್ವಾ?

ಗೈಡ್ ಹಿಂದೆ ಒಂದು ಗಂಟೆ ನಡೆಸಿದರೆ ಖಂಡಿತ ಆಗುತ್ತದೆ. ಹುಡುಕುವ ಕೆಲಸ ಕೊಡಿ.

ಪಿಯರ್‌ನಲ್ಲಿ ನೆಲ ನೋಡಿ. ಕಲ್ಲಿನ ಚೂರು ಸೇರಿಸಿ ಉಜ್ಜಿ ನಯ ಮಾಡಿದ ಟೆರಾಝೊ ನೆಲ ಹಾಕಿದವರು ಇಟಲಿಯಿಂದ ಬಂದ ಕೆಲಸಗಾರರು. ಕೆಲಸಕ್ಕೆ ಸಹಿ ಹಾಕುವ ಹಾಗಿರಲಿಲ್ಲ. ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ನೀಲಿ ಕಲ್ಲು ಕೊಟ್ಟು, ಎಲ್ಲಾದರೂ ಸೇರಿಸಿ ಅಂದರಂತೆ. 66 ಕಲ್ಲು ಅಂತ ಅಲ್ಲಿ ಹೇಳುತ್ತಾರೆ, ಸಿಕ್ಕಿರುವುದು 55. ಒಂದೊಂದೂ ಹುಣಸೆ ಬೀಜದಷ್ಟು. ಮಗಳು ನೆಲಕ್ಕೆ ಕೂತು ಬೆರಳಲ್ಲಿ ಒರೆಸಿ ಒರೆಸಿ ಹುಡುಕಿದಳು. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಸಿಕ್ಕಿದವು. ಅವಳ ಬಿಳಿ ಪ್ಯಾಂಟಿನ ಮಂಡಿ ಕೊಳೆಯೇ ಆಗಲಿಲ್ಲ. ನೆಲ ಅಷ್ಟು ಚೊಕ್ಕ.

ಮ್ಯಾಡಿಸನ್‌ನಲ್ಲಿ ಬ್ಯಾಡ್ಜರ್ ಅನ್ನುವ ಬಿಲ ತೋಡುವ ಪ್ರಾಣಿ ಹುಡುಕಬೇಕು. ಅದು ವಿಸ್ಕಾನ್ಸಿನ್‌ನ ಗುರುತು. ಗುಮ್ಮಟದ ಮೇಲೆ ನಿಂತ ದೇವಿಯ ಶಿರಸ್ತ್ರಾಣದ ಮೇಲೂ ಒಂದು ಕೂತಿದೆ. ಡೆನ್ವರ್‌ನಲ್ಲಿ ಮೆಟ್ಟಿಲು. ಸಮುದ್ರಮಟ್ಟದಿಂದ ಸರಿಯಾಗಿ ಒಂದು ಮೈಲಿ ಎತ್ತರ ಅಂತ 15ನೇ ಮೆಟ್ಟಿಲಿಗೆ ಕೆತ್ತಿದ್ದರು. 1969ರಲ್ಲಿ ಅಳೆದು 18ನೆಯದು ಅಂದರು. 2003ರಲ್ಲಿ ಮತ್ತೆ ಅಳೆದು 13ನೆಯದು ಅಂದರು. ಮೂರೂ ಗುರುತು ಹಾಗೇ ಇವೆ. ಮಗಳು ಮೂರರ ಮೇಲೂ ನಿಂತು ಫೋಟೊ ತೆಗೆಸಿಕೊಂಡಳು, ಯಾವುದೋ ಒಂದು ಸರಿ ಇರುತ್ತದಲ್ಲ.

ಊರಿಂದ ಅಪ್ಪ ಅಮ್ಮ ಬಂದಿದಾರೆ, ಕರ್ಕೊಂಡು ಹೋಗಬಹುದಾ?

ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಲಿಫ್ಟ್ ಇದೆ, ಕೂರಲು ಬೆಂಚಿದೆ, ಬಾತ್‌ರೂಮ್ ಚೊಕ್ಕ, ಒಳಗೆ ಬೆಚ್ಚಗಿರುತ್ತದೆ. ತೊಂದರೆ ಊಟದ್ದು. ಸಣ್ಣ ರಾಜಧಾನಿಗಳಲ್ಲಿ ಸಸ್ಯಾಹಾರಿಗಳಿಗೆ ಚೀಸ್ ಸ್ಯಾಂಡ್‌ವಿಚ್ಚೇ ಗತಿ. ನಾವು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ ಹೊರಗಿನ ಹುಲ್ಲಿನ ಮೇಲೆ ತಿನ್ನುತ್ತೇವೆ. ಅಮ್ಮ ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿದರು: "ಇಷ್ಟೊಂದು ಕಲ್ಲು ಒರೆಸೋರು ಎಷ್ಟು ಜನ ಇರಬಹುದು?"

## ಗುಮ್ಮಟದ ಕೆಳಗೆ ನಿಂತಾಗ

ನಾವು ಬಿಜಾಪುರದೋರು. ಗೋಳಗುಮ್ಮಟ ನೋಡಿದೋರಿಗೆ ಇದೇನು ಮಹಾ?

ನ್ಯಾಯವಾದ ಪ್ರಶ್ನೆ. ಅಗಲದ ಮಾತಾದರೆ ನೀವೇ ಗೆದ್ದಿರಿ. ಗೋಳಗುಮ್ಮಟದ ಒಳ ಅಗಲ ಸುಮಾರು 124 ಅಡಿ. ವಾಷಿಂಗ್ಟನ್ನಿನ ದೊಡ್ಡ ಕ್ಯಾಪಿಟಲ್‌ದೇ 96 ಅಡಿ. ಪಿಸುಮಾತಿನ ಗ್ಯಾಲರಿಗೂ ಇಲ್ಲಿ ಸಾಟಿ ಇಲ್ಲ. ಆಸ್ಟಿನ್‌ನಲ್ಲಿ ನೆಲದ ನಡುವಿನ ನಕ್ಷತ್ರದ ಮೇಲೆ ನಿಂತು ಮಾತಾಡಿದರೆ ದನಿ ಮೇಲಿಂದ ಬಂದ ಹಾಗೆ ಕೇಳುತ್ತದೆ, ಅಷ್ಟೇ.

ಕಟ್ಟುವ ರೀತಿ ಬೇರೆ. ಗೋಳಗುಮ್ಮಟ ಒಂದೇ ದಪ್ಪ ಚಿಪ್ಪು. ಒಳಗೆ ಕಾಣುವುದೂ ಹೊರಗೆ ಕಾಣುವುದೂ ಅದೇ. ಇಲ್ಲಿ ಸಾಮಾನ್ಯವಾಗಿ ಎರಡು ಗುಮ್ಮಟ. ಊರಿಗೆ ಕಾಣಲು ಹೊರಗೊಂದು ಎತ್ತರದ್ದು, ಕೆಳಗೆ ನಿಂತವರಿಗೆ ಅಂದವಾಗಿ ಕಾಣಲು ಒಳಗೊಂದು ತಗ್ಗಿನದು. ನಡುವೆ ಖಾಲಿ. ಆ ಖಾಲಿ ಜಾಗ ನೋಡಬೇಕಾದರೆ ಕಾನ್ಸಸ್‌ನ ಟೊಪೀಕಾಗೆ ಹೋಗಿ. ಗೈಡ್ ಜೊತೆ 296 ಮೆಟ್ಟಿಲು ಹತ್ತಿಸುತ್ತಾರೆ. ಒಂದು ಕಡೆ ಒಳಗುಮ್ಮಟದ ಬೆನ್ನು ಕಾಲ ಕೆಳಗೇ ಇರುತ್ತದೆ. ಕೆಳಗಿಂದ ಬಣ್ಣ, ಚಿತ್ತಾರ ಅಂತ ನೋಡಿದ್ದು ಮೇಲಿಂದ ಬರೀ ಒರಟು ಬೆನ್ನು, ಬೊಂಬೆಯನ್ನು ಹಿಂದಿನಿಂದ ನೋಡಿದ ಹಾಗೆ. ಆಮೇಲೆ ಕಿರಿದಾದ ಸುತ್ತು ಮೆಟ್ಟಿಲು. ಕಂಬಿ ತಣ್ಣಗಿತ್ತು, ಮೆಟ್ಟಿಲ ಸಂದಿಯಲ್ಲಿ ಕೆಳಗಿನದೆಲ್ಲ ಕಾಣುತ್ತಿತ್ತು. ಹೆಂಡತಿ ಅರ್ಧದಲ್ಲಿ ನಿಂತು "ನೀವು ಹೋಗಿ ಬನ್ನಿ" ಅಂದಳು. ಮೇಲೆ ಬಾಗಿಲು ತೆಗೆದರೆ ಗಾಳಿ ಟೋಪಿ ಕಿತ್ತುಕೊಂಡು ಹೋಯಿತು.

ಆ ಚಿನ್ನ ನಿಜವಾದ್ದಾ?

ನಿಜವಾದ್ದೇ, ಆದರೆ ತುಂಬ ತೆಳುವು. ಮೈಸೂರಿನ ಸಿಹಿ ಮೇಲಿನ ಬೆಳ್ಳಿ ರೇಕಿನ ಥರ, ಇಲ್ಲಿ ಚಿನ್ನದ ರೇಕು. ಡೆಸ್ ಮೊಯ್ನ್‌ನದು 23 ಕ್ಯಾರೆಟ್. ಜಾರ್ಜಿಯಾದಲ್ಲಿ ಡಾಲೊನೆಗಾ ಅನ್ನುವ ಗಣಿ ಊರಿನವರು ತಮ್ಮ ಚಿನ್ನವನ್ನು 1958ರಲ್ಲಿ ಹಳೇ ಕಾಲದ ಗಾಡಿಗಳಲ್ಲಿ ಮೆರವಣಿಗೆ ಮಾಡಿಕೊಂಡು ಅಟ್ಲಾಂಟಾಗೆ ತಂದುಕೊಟ್ಟರು. ಬಾಸ್ಟನ್‌ನ ಗುಮ್ಮಟಕ್ಕೆ ಮೊದಲು ಮರದ ಹೊದಿಕೆ ಇತ್ತು, ಆಮೇಲೆ ಪಾಲ್ ರಿವಿಯರ್ ಕಾರ್ಖಾನೆಯ ತಾಮ್ರ, 1874ರಲ್ಲಿ ಚಿನ್ನ. ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನಕ್ಕೆ ಹೊಳೆಯಬಾರದು ಅಂತ ಅದರ ಮೇಲೆ ಮಂಕು ಬಣ್ಣ ಬಳಿದರು.

ಗುಮ್ಮಟ ಇಲ್ಲದ್ದೂ ಇದೆಯಂತೆ? ಹೋಗಬೇಕಾ?

ಅವುಗಳಿಗೇ ಮೊದಲು ಹೋಗಿ ಅನ್ನುತ್ತೇನೆ. ಲೂಯಿಸಿಯಾನದ ಬ್ಯಾಟನ್ ರೂಜ್‌ನಲ್ಲಿ 34 ಮಹಡಿ, 450 ಅಡಿ. ಎಲ್ಲದರಲ್ಲೂ ಎತ್ತರದ್ದು ಅದೇ. ಹ್ಯೂಯಿ ಲಾಂಗ್ ಅನ್ನುವ ರಾಜಕಾರಣಿ ಹಟ ಹಿಡಿದು ಕಟ್ಟಿಸಿದ. 1932ರಲ್ಲಿ ಮುಗಿಯಿತು. 1935ರ ಸೆಪ್ಟೆಂಬರ್‌ನಲ್ಲಿ ಅದೇ ಕಟ್ಟಡದ ಓಣಿಯಲ್ಲಿ ಅವನಿಗೆ ಗುಂಡು ಬಿತ್ತು, ಎರಡು ದಿನಕ್ಕೆ ಸತ್ತ. ಎದುರಿನ ತೋಟದಲ್ಲೇ ಸಮಾಧಿ. ಪ್ರತಿಮೆ ತಾನು ಕಟ್ಟಿಸಿದ್ದನ್ನೇ ನೋಡುತ್ತ ನಿಂತಿದೆ.

ವರ್ಜಿನಿಯಾದ ರಿಚ್‌ಮಂಡ್‌ನದನ್ನು ಥಾಮಸ್ ಜೆಫರ್ಸನ್ ಫ್ರಾನ್ಸಿನ ಒಂದು ರೋಮನ್ ಗುಡಿ ನೋಡಿ ಯೋಜಿಸಿದ್ದು. ಸಾಂಟಾ ಫೇಯದು ಗುಂಡಗೆ, ಝಿಯಾ ಬುಡಕಟ್ಟಿನ ಸೂರ್ಯನ ಆಕಾರ. ಆಲ್ಬನಿಯದು 1867ರಿಂದ 1899ರವರೆಗೆ ಕಟ್ಟುತ್ತಲೇ ಇದ್ದರು.

ಅಧಿವೇಶನ ನಡೆಯುವಾಗ ನೋಡಬಹುದಾ?

ಗ್ಯಾಲರಿಯಲ್ಲಿ ಕೂತು ನೋಡಬಹುದು. ಹೆಚ್ಚಿನ ರಾಜ್ಯಗಳಲ್ಲಿ ಜನವರಿಗೆ ಶುರು, ಬೇಸಿಗೆಗೆ ಮುಂಚೆ ಮುಗಿಯುತ್ತದೆ. ಟೆಕ್ಸಸ್‌ನಲ್ಲಿ ಬೆಸ ಸಂಖ್ಯೆಯ ವರ್ಷ ಮಾತ್ರ, 140 ದಿನ. ನ್ಯೂ ಹ್ಯಾಂಪ್‌ಶೈರ್‌ನ ಕೆಳಮನೆಯಲ್ಲಿ 400 ಜನ. ಸಂಬಳ ವರ್ಷಕ್ಕೆ 100 ಡಾಲರ್. ಹೌದು, ವರ್ಷಕ್ಕೆ. ಸಿನಿಮಾ ಥಿಯೇಟರ್ ಥರ ಸಾಲು ಸಾಲು ಕೂತಿರುತ್ತಾರೆ. ನಾವು ಹೋದ ದಿನ ಒಬ್ಬರು ಅಜ್ಜಿ ಮಸೂದೆಯ ಕಾಗದ ತೊಡೆ ಮೇಲಿಟ್ಟುಕೊಂಡು ಉಲ್ಲನ್ ಹೆಣೆಯುತ್ತಿದ್ದರು. ಕೈ ಎತ್ತುವ ಹೊತ್ತಿಗೆ ಸರಿಯಾಗಿ ಎತ್ತುತ್ತಿದ್ದರು.

ಎಲ್ಲ ಚೆನ್ನಾಗಿದೆ ಅಂತೀರಿ. ಗುಲಾಮಗಿರಿಯ ಕಥೆ ಈ ಕಟ್ಟಡಗಳಲ್ಲಿ ಎಲ್ಲಿದೆ?

ದಕ್ಷಿಣದಲ್ಲಿ ಕಾಲಿಗೇ ಸಿಗುತ್ತದೆ. ಅಲಬಾಮದ ಮಾಂಟ್‌ಗಮರಿಯಲ್ಲಿ ಮೇಲಿನ ಮೆಟ್ಟಿಲ ಹತ್ತಿರ ಹಿತ್ತಾಳೆಯ ಒಂದು ನಕ್ಷತ್ರ. ಗುಲಾಮಗಿರಿ ಉಳಿಸಲು ದೇಶ ಬಿಟ್ಟ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್ 1861ರಲ್ಲಿ ಅಲ್ಲೇ ನಿಂತು ಪ್ರಮಾಣವಚನ ತೆಗೆದುಕೊಂಡ. ಅಲ್ಲಿಂದ ತಲೆ ಎತ್ತಿದರೆ ಕೆಳಗೆ ಬಲಗಡೆಯೋ ಎಡಗಡೆಯೋ ಅಂತ ಹುಡುಕಬೇಕಾಗಿಲ್ಲ, ಕೆಂಪು ಇಟ್ಟಿಗೆಯ ಸಣ್ಣ ಚರ್ಚ್ ಕಣ್ಣಿಗೆ ಬೀಳುತ್ತದೆ. ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿಯಾಗಿದ್ದ ಚರ್ಚ್ ಅದು. ಕಪ್ಪು ಜನರಿಗೆ ಮತದ ಹಕ್ಕು ಕೇಳಿ ಸೆಲ್ಮಾ ಊರಿಂದ ನಡೆದು ಬಂದವರ ಮುಂದೆ 1965ರ ಮಾರ್ಚ್ 25ರಂದು ಅವರು ಮಾತಾಡಿದ್ದು ಇದೇ ಮೆಟ್ಟಿಲುಗಳ ಮುಂದೆ. ನಾನು ನಕ್ಷತ್ರದ ಮೇಲೆ ನಿಲ್ಲಲಿಲ್ಲ, ಪಕ್ಕದಲ್ಲಿ ನಿಂತೆ. ಮಗಳು ಯಾಕೆ ಅಂತ ಕೇಳಿದಳು. ಅಟ್ಲಾಂಟಾ ಸೇರುವವರೆಗೂ ಕಾರಿನಲ್ಲಿ ಅದೇ ಮಾತು.

ಸೌತ್ ಕ್ಯಾರೊಲಿನದ ಕೊಲಂಬಿಯಾದಲ್ಲಿ ಗೋಡೆ ಮೇಲೆ ಕಂಚಿನ ನಕ್ಷತ್ರಗಳಿವೆ, 1865ರಲ್ಲಿ ಉತ್ತರದ ಸೇನಾಪತಿ ಶೆರ್ಮನ್‌ನ ಸೇನೆಯ ಫಿರಂಗಿ ಗುಂಡು ಬಿದ್ದ ಗುರುತು. ತಮಗಾದ ಗಾಯಕ್ಕೆ ಕಂಚು ಹಾಕಿಟ್ಟ ಅದೇ ಅಂಗಳದಿಂದ ದೇಶ ಬಿಟ್ಟ ಆ ರಾಜ್ಯಗಳ ಬಂಡಾಯದ ಬಾವುಟ ಇಳಿದದ್ದು 2015ರ ಜುಲೈನಲ್ಲಿ. ಟೊಪೀಕಾದ ಗೋಡೆಯಲ್ಲಿ ಗುಲಾಮಗಿರಿ ವಿರುದ್ಧ ಬಂದೂಕು ಎತ್ತಿದ ಜಾನ್ ಬ್ರೌನ್ ಇದ್ದಾನೆ. ಒಂದು ಕೈಯಲ್ಲಿ ಬೈಬಲ್, ಇನ್ನೊಂದರಲ್ಲಿ ಬಂದೂಕು, ಬಾಯಿ ತೆರೆದು ಕೂಗುತ್ತಿದ್ದಾನೆ. ಬರೆದವನು ಕಾನ್ಸಸ್‌ನವನೇ ಆದ ಜಾನ್ ಸ್ಟೂವರ್ಟ್ ಕರಿ. ಶಾಸಕರ ಜೊತೆ ಜಗಳ ಆಗಿ, ಸಹಿ ಹಾಕದೆ ಹೋದ.

ನಮ್ಮ ಕಡೆಯೋರು ಯಾರಾದ್ರೂ ಈ ಸಭೆಗಳಲ್ಲಿ ಕೂತಿದಾರಾ?

ಕೂತಿದ್ದಾರೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಮಿಶಿಗನ್ ಶಾಸಕರಾಗಿದ್ದರು. ಆಮೇಲೆ 2023ರಲ್ಲಿ ವಾಷಿಂಗ್ಟನ್ನಿನ ಕಾಂಗ್ರೆಸ್‌ಗೆ ಹೋದರು. ಲ್ಯಾನ್ಸಿಂಗ್‌ನ ಕ್ಯಾಪಿಟಲ್‌ಗೆ ಹೋದರೆ ಗುಮ್ಮಟದ ಕೆಳಗಿನ ಗಾಜಿನ ನೆಲ ನೋಡಿ. ಅಂಗಾತ ಮಲಗಿ ಮೇಲೆ ನೋಡಿದರೂ ಯಾರೂ ಬೇಡ ಅನ್ನಲಿಲ್ಲ.

ಒಂದೇ ಒಂದು ನೋಡೋಕೆ ಟೈಮ್ ಇದೆ. ಯಾವುದು?

ನೆಬ್ರಾಸ್ಕಾದ ಲಿಂಕನ್. ಯಾರೂ ಒಪ್ಪುವುದಿಲ್ಲ, ಗೊತ್ತು. ಮೇರಿಲ್ಯಾಂಡ್‌ನ ಅನ್ನಾಪೊಲಿಸ್ ಅನ್ನುತ್ತಾರೆ, ಅದೂ ಸರಿಯೇ. 1772ರಲ್ಲಿ ಶುರುವಾದ ಕಟ್ಟಡ, ಜಾರ್ಜ್ ವಾಷಿಂಗ್ಟನ್ ಸೇನಾಪತಿ ಹುದ್ದೆ ಬಿಟ್ಟುಕೊಟ್ಟ ಕೋಣೆ. ಆದರೆ ನನ್ನದು ಲಿಂಕನ್.

400 ಅಡಿಯ ಗೋಪುರ ಬಯಲಲ್ಲಿ ಮೈಲಿಗಟ್ಟಲೆ ದೂರದಿಂದ ಕಾಣುತ್ತದೆ. 1922ರಿಂದ 1932ರವರೆಗೆ, ಹಳೇ ಕ್ಯಾಪಿಟಲ್ ಸುತ್ತಲೇ ಹೊಸದನ್ನು ಕಟ್ಟಿ, ಆಮೇಲೆ ಹಳೆಯದನ್ನು ಕೆಡವಿದರು. 1937ರಿಂದ ಇಲ್ಲಿ ಒಂದೇ ಸದನ, ಇಡೀ ಅಮೆರಿಕದಲ್ಲಿ ಇಂಥ ರಾಜ್ಯ ಇದೊಂದೇ. ಎರಡು ಸದನಕ್ಕೆ ಅಂತ ಕಟ್ಟಿದ್ದರಿಂದ ಒಂದು ಸಭಾಂಗಣ ಮಿಕ್ಕಿಬಿಟ್ಟಿತು. ಈಗ ಅದು ಸಮಾರಂಭಕ್ಕೆ.

ಬೇರೆ ಎಷ್ಟೋ ಗುಮ್ಮಟಗಳ ಮೇಲೆ ದೇವಿಯರು, ಹದ್ದುಗಳು. ಇಲ್ಲಿ ತುದಿಯಲ್ಲಿ ನಿಂತಿರುವುದು ಬರಿಗಾಲಿನ ಒಬ್ಬ ರೈತ. ಹೆಗಲಿಗೆ ಚೀಲ, ಬಲಗೈ ಹಿಂದಕ್ಕೆ ಹೋಗಿದೆ, ಇನ್ನೇನು ಕಾಳು ಎರಚಬೇಕು. ಅಪ್ಪ ಆ ಸಲ ನಮ್ಮ ಜೊತೆ ಇದ್ದರು. ಹಾಸನದ ಹತ್ತಿರ ಹೊಲ ಮಾಡಿದವರು. ಕುತ್ತಿಗೆ ಎತ್ತಿ ತುಂಬ ಹೊತ್ತು ನೋಡಿ, "ಕೈ ಸರಿಯಾಗಿ ಬೀಸಿದ್ದಾನೆ" ಅಂದರು. ಆಮೇಲೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ನೋಡಿದರು.